ವಿದ್ಯುತ್ತನ್ನು ಕೂಡಿಟ್ಟವನು: ಗ್ಯಾಸ್ಟನ್ ಪ್ಲಾಂಟೆ

ನೀರಿನ ಮೇಲೆ ಸಾಗುವ ದೋಣಿಗೆ ದಡದಿಂದ ತಂತಿ ಎಳೆದು ವಿದ್ಯುತ್ತನ್ನು ಕೊಡುವಂತಿಲ್ಲ. ಅದರಲ್ಲಿ ದೀಪ ಉರಿಯಬೇಕಾದರೂ ಯಂತ್ರ ತಿರುಗಬೇಕಾದರೂ ಬೇಕಾದ ಶಕ್ತಿಯನ್ನು ದೋಣಿಯೇ ಹೊತ್ತು ಸಾಗಬೇಕು, ಬುತ್ತಿ ಕಟ್ಟಿಕೊಂಡು ಹೊರಟ ದಾರಿಗನಂತೆ. ಪಾಶ್ಚಾತ್ಯ ದೇಶಗಳ ಸರೋವರಗಳಲ್ಲಿ ಪಾಂಟೂನ್ ಎಂಬ ವಿಹಾರದೋಣಿಗಳಿವೆ. ಎರಡು ಉದ್ದನೆಯ ಲೋಹದ ಕೊಳವೆಗಳ ಮೇಲೆ ಸಮತಟ್ಟಾದ ಅಟ್ಟವನ್ನು ಕೂಡಿಸಿದಂತೆ ಅವುಗಳ ರಚನೆ. ಅವುಗಳಲ್ಲಿ ಎಷ್ಟೋ ದೋಣಿಗಳು ಇಂದಿಗೂ ಸೀಸದ ಬ್ಯಾಟರಿಯನ್ನೇ ನಂಬಿಕೊಂಡಿವೆ. ನಮ್ಮೂರಿನ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ಇರುವುದೂ ಅದೇ ಜಾತಿಯದು. ಲಿಥಿಯಂ ಬ್ಯಾಟರಿಗಳು ಬಂದ ಮೇಲೂ ಅದು ಮರೆಯಾಗಿಲ್ಲ. ಈ ಬುತ್ತಿಯನ್ನು ಮೊಟ್ಟಮೊದಲು ಕಟ್ಟಿಕೊಟ್ಟವನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ.

ಪ್ಲಾಂಟೆಗಿಂತ ಮುಂಚೆಯೂ ವಿದ್ಯುತ್ತಿನಿಂದ ದೋಣಿ ನಡೆಸಿದವರಿದ್ದರು. 1838ರಲ್ಲಿ ಯಾಕೋಬಿ ಎಂಬ ವಿಜ್ಞಾನಿ ರಷ್ಯದ ನೇವಾ ನದಿಯಲ್ಲಿ ಅಂತಹ ದೋಣಿಯೊಂದನ್ನು ಜನರನ್ನು ಕೂರಿಸಿಕೊಂಡು ನಡೆಸಿದನು. ಆದರೆ ಆತನ ಕೋಶಗಳು ಸತುವನ್ನು ತಿಂದು ವಿದ್ಯುತ್ತನ್ನು ಕೊಡುತ್ತಿದ್ದವು. ಸತು ತೀರಿದರೆ ಹೊಸ ಸತುವನ್ನು ಕೊಂಡು ಹಾಕಬೇಕು. ಕಲ್ಲಿದ್ದಲು ಉರಿಸಿ ಹಬೆಯಂತ್ರ ನಡೆಸುವುದಕ್ಕಿಂತ ಇದು ಬಹಳ ದುಬಾರಿ. ಬರಿದಾದ ಕೋಶವನ್ನು ಮತ್ತೆ ತುಂಬಿಸುವ ದಾರಿ ದೊರೆಯುವವರೆಗೆ ಈ ಕೆಲಸ ಮುಂದುವರಿಯುವಂತಿರಲಿಲ್ಲ.

ಪ್ಲಾಂಟೆ ಹುಟ್ಟಿದುದು 1834ನೆಯ ಏಪ್ರಿಲ್ 22ರಂದು, ಫ್ರಾನ್ಸಿನ ನೈಋತ್ಯ ಭಾಗದ ಓರ್ತೇಜ್ ಎಂಬ ಊರಿನಲ್ಲಿ. 1854ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ಸಂಸ್ಥೆಯಲ್ಲಿ ಭೌತಶಾಸ್ತ್ರದ ಸಹಾಯಕನಾಗಿ ಸೇರಿದನು. ಅಲ್ಲಿ ಎಡ್ಮಂಡ್ ಬೆಕೆರೆಲ್ ಎಂಬ ಪ್ರಸಿದ್ಧ ವಿಜ್ಞಾನಿಯ ಕೈಕೆಳಗೆ ಕೆಲಸ. ಮರುವರ್ಷವೇ ಒಂದು ವಿಚಿತ್ರ ಸಂಗತಿ ನಡೆಯಿತು. ಪ್ಯಾರಿಸ್ಸಿನ ಸಮೀಪದ ಮ್ಯುದೋನ್ ಎಂಬಲ್ಲಿ ಆತನಿಗೆ ಯಾವುದೋ ಕಾಲದಲ್ಲಿ ಅಳಿದುಹೋದ ಭಾರಿ ಹಕ್ಕಿಯ ಪಳೆಯುಳಿಕೆ ಸಿಕ್ಕಿತು. ಹಾರಲಾರದ, ಆಳೆತ್ತರವನ್ನು ಮೀರಿದ ಆ ಹಕ್ಕಿಗೆ ವಿದ್ವಾಂಸರು ಗ್ಯಾಸ್ಟಾರ್ನಿಸ್ ಎಂದು ಆತನ ಹೆಸರನ್ನೇ ಇಟ್ಟರು. ಇಪ್ಪತ್ತೊಂದರ ತರುಣನಿಗೆ ಇದಕ್ಕಿಂತ ಹೆಚ್ಚಿನ ಕೀರ್ತಿ ಏನು ಬೇಕು? ಆದರೆ ಆತನು ಹಕ್ಕಿಯ ಹಿಂದೆ ಹೋಗಲಿಲ್ಲ. ತನ್ನ ತಂತಿ ಮತ್ತು ಆಮ್ಲಗಳ ಮೇಜಿಗೇ ಹಿಂದಿರುಗಿದನು.

ಆ ಕಾಲಕ್ಕೆ ವಿಜ್ಞಾನಿಗಳನ್ನು ಕಾಡುತ್ತಿದ್ದ ಒಂದು ತೊಡಕಿತ್ತು. ಆಮ್ಲ ಬೆರೆತ ನೀರಿನಲ್ಲಿ ಎರಡು ಲೋಹದ ತಗಡುಗಳನ್ನು ಅದ್ದಿ ವಿದ್ಯುತ್ತನ್ನು ಹರಿಸಿ ನಿಲ್ಲಿಸಿದರೆ, ಆ ತಗಡುಗಳೇ ಸ್ವಲ್ಪ ಹೊತ್ತು ಹಿಮ್ಮುಖವಾಗಿ ವಿದ್ಯುತ್ತನ್ನು ಕೊಡುತ್ತವೆ. ಅನೇಕರು ಇದನ್ನು ಪ್ರಯೋಗಕ್ಕೆ ಅಡ್ಡಿಯೆಂದು ಬಗೆದರು. ಪ್ಲಾಂಟೆ ಆ ಅಡ್ಡಿಯನ್ನೇ ಅಭ್ಯಾಸಕ್ಕೆ ತೆಗೆದುಕೊಂಡನು. ಒಂದೊಂದೇ ಲೋಹವನ್ನು ಪರೀಕ್ಷಿಸುತ್ತ ಬಂದಾಗ, ಬಡವರ ಲೋಹವೆನ್ನಬಹುದಾದ ಸೀಸವು ಎಲ್ಲವನ್ನೂ ಮೀರಿಸಿತು. 1859ರಲ್ಲಿ ಆತನು ಸೀಸದ ಎರಡು ಉದ್ದ ಹಾಳೆಗಳನ್ನು, ಒಂದಕ್ಕೊಂದು ತಾಗದಂತೆ ನಡುವೆ ಒರಟು ಬಟ್ಟೆಯಿಟ್ಟು, ಚಾಪೆಯಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಳಿಸಿದನು. ಮತ್ತೆ ಮತ್ತೆ ತುಂಬಿಸಬಹುದಾದ ಮೊದಲ ಉಪಯುಕ್ತ ಬ್ಯಾಟರಿ ಹುಟ್ಟಿತು. ಮರುವರ್ಷ ಇಂತಹ ಒಂಬತ್ತು ಕೋಶಗಳನ್ನು ಕೂಡಿಸಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು.

ಇದರ ಮರ್ಮ ಸರಳವಾದುದು. ತುಂಬಿದ ಕೋಶದಲ್ಲಿ ಧನಫಲಕದ ಮೇಲೆ ಕಂದುಬಣ್ಣದ ಸೀಸದ ಪೆರಾಕ್ಸೈಡೂ ಋಣಫಲಕದಲ್ಲಿ ಮೆತುವಾದ ಶುದ್ಧ ಸೀಸವೂ ಇರುತ್ತವೆ. ವಿದ್ಯುತ್ತನ್ನು ಕೊಡುತ್ತ ಕೊಡುತ್ತ ಎರಡೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ, ಆಮ್ಲವು ತೆಳುವಾಗುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಎದುರು ದಿಕ್ಕಿನಲ್ಲಿ ಹರಿಸಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತವೆ. ಸತುವಿನಂತೆ ಇಲ್ಲಿ ಲೋಹವನ್ನು ಮತ್ತೆ ಕೊಳ್ಳಬೇಕಾಗಿಲ್ಲ.

ಒಂದು ಕೋಶದಿಂದ ದೊರೆಯುವುದು ಸುಮಾರು 2 ವೋಲ್ಟು ಮಾತ್ರ. ಆದುದರಿಂದ ಕೋಶಗಳನ್ನು ಜೋಡಿಸುವ ಕ್ರಮವೇ ಮುಖ್ಯವಾಗುತ್ತದೆ. ಪ್ಲಾಂಟೆಯ ಜಾಣ್ಮೆ ಇಲ್ಲಿ ಎದ್ದು ಕಾಣುತ್ತದೆ. ಎಲ್ಲ ಕೋಶಗಳ ಧನತುದಿಗಳನ್ನು ಒಂದೆಡೆಗೂ ಋಣತುದಿಗಳನ್ನು ಇನ್ನೊಂದೆಡೆಗೂ ಕಟ್ಟಿದರೆ ಅದು ಸಮಾಂತರ ಜೋಡಣೆ. ವೋಲ್ಟು ಒಂದು ಕೋಶದಷ್ಟೇ ಇರುತ್ತದೆ, ಆದರೆ ಸಂಗ್ರಹ ಹೆಚ್ಚುತ್ತದೆ. ಒಂದರ ಧನತುದಿಗೆ ಮುಂದಿನದರ ಋಣತುದಿಯನ್ನು ಸೇರಿಸುತ್ತ ಹೋದರೆ ಅದು ಶ್ರೇಣಿ ಜೋಡಣೆ. ವೋಲ್ಟುಗಳು ಕೂಡುತ್ತ ಹೋಗುತ್ತವೆ. ಆತನು ಸಮಾಂತರವಾಗಿ ಕಟ್ಟಿದ ಕೋಶಗಳನ್ನು ಕೇವಲ ಎರಡು ಬುನ್ಸೆನ್ ಕೋಶಗಳಿಂದ ನಿಧಾನವಾಗಿ ತುಂಬಿಸಿ, ಬಳಿಕ ತಿರುಗಣೆಯೊಂದನ್ನು ತಿರುಗಿಸಿ ಅವನ್ನೇ ಶ್ರೇಣಿಯಾಗಿ ಮಾರ್ಪಡಿಸುತ್ತಿದ್ದನು. ಇಪ್ಪತ್ತು ಕೋಶಗಳಿದ್ದರೆ ಒಡನೆಯೇ ಸುಮಾರು 40 ವೋಲ್ಟು! ಹನಿಹನಿಯಾಗಿ ತುಂಬಿದ ಕೆರೆಯ ತೂಬನ್ನು ಒಮ್ಮೆಗೇ ಎತ್ತಿದಂತೆ.

ಇಂದಿನ ಪಾಂಟೂನ್ ದೋಣಿಯವನು ಅನುಸರಿಸುವುದೂ ಇದೇ ಗಣಿತವನ್ನು. ಆರು ಕೋಶಗಳ ಶ್ರೇಣಿಯೇ ಆತನ 12 ವೋಲ್ಟಿನ ಬ್ಯಾಟರಿ. ಅಂತಹ ಎರಡನ್ನು ಸಮಾಂತರವಾಗಿ ಕಟ್ಟಿದರೆ 12 ವೋಲ್ಟೇ ಹೆಚ್ಚು ಹೊತ್ತು ಬರುತ್ತದೆ. ಶ್ರೇಣಿಯಾಗಿ ಕಟ್ಟಿದರೆ 24 ವೋಲ್ಟು. 12 ವೋಲ್ಟಿನ ದೀಪಕ್ಕೆ 24 ಕೊಟ್ಟರೆ ಅದು ಸುಟ್ಟೇ ಹೋಗುತ್ತದೆ. ಜಾಣನಾದವನು ಒಂದು ಬ್ಯಾಟರಿಯನ್ನು ಎಂಜಿನನ್ನು ಹೊರಡಿಸುವುದಕ್ಕಾಗಿಯೇ ಮೀಸಲಿಟ್ಟು, ಇನ್ನೊಂದರಿಂದ ದೀಪ ಮುಂತಾದುವನ್ನು ನಡೆಸುತ್ತಾನೆ. ಇಲ್ಲವಾದರೆ ಸಂಜೆಯೆಲ್ಲ ದೀಪ ಉರಿಸಿ ನಡುನೀರಿನಲ್ಲಿ ನಿಲ್ಲಬೇಕಾದೀತು. ಬ್ಯಾಟರಿಯ ಧನತುದಿಯ ಹತ್ತಿರವೇ ಫ್ಯೂಸು ಇರಬೇಕು. ಚಾರ್ಜು ಮಾಡುವಾಗ ಧನಕ್ಕೆ ಧನ, ಋಣಕ್ಕೆ ಋಣ. ಆಗ ಹೊರಡುವ ಜಲಜನಕ ಅನಿಲಕ್ಕೆ ಕಿಡಿ ತಾಗದಂತೆ ಗಾಳಿಯಾಡಲು ಎಡೆಯಿರಬೇಕು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟು ಗಟ್ಟಿಯಾಗಿ ಕಚ್ಚಿಕೊಂಡು, ಮತ್ತೆ ತುಂಬಿಸುವುದೇ ಕಷ್ಟವಾಗುತ್ತದೆ.

ಇಷ್ಟೆಲ್ಲ ಇದ್ದರೂ ಪ್ಲಾಂಟೆಯ ಬ್ಯಾಟರಿ ಇಪ್ಪತ್ತು ವರ್ಷಗಳವರೆಗೆ ಹೆಚ್ಚಾಗಿ ಪ್ರಯೋಗಶಾಲೆಯಲ್ಲಿಯೇ ಉಳಿಯಿತು. ಅದಕ್ಕೆ ಕಾರಣಗಳು ಎರಡು. ಮೊದಲನೆಯದು, ಹೊಸ ಸೀಸದ ಹಾಳೆ ಹದಕ್ಕೆ ಬರಬೇಕಾದರೆ ತುಂಬಿಸುವುದು, ಬರಿದುಮಾಡುವುದು, ದಿಕ್ಕು ಬದಲಿಸಿ ಮತ್ತೆ ತುಂಬಿಸುವುದು, ಹೀಗೆ ತಿಂಗಳುಗಟ್ಟಲೆ ದುಡಿಯಬೇಕಾಗಿತ್ತು. ಎರಡನೆಯದು ಇನ್ನೂ ದೊಡ್ಡದು: ತುಂಬಿಸಲು ಅಗ್ಗವಾದ ವಿದ್ಯುತ್ತೇ ಇರಲಿಲ್ಲ. ಸತುವಿನ ಖರ್ಚನ್ನು ತಪ್ಪಿಸಲು ಹುಟ್ಟಿದ ಬ್ಯಾಟರಿಯನ್ನು ಸತುವಿನ ಕೋಶಗಳಿಂದಲೇ ತುಂಬಿಸಬೇಕಾದ ವಿಪರ್ಯಾಸ! ಕೊಡವೇನೋ ಸಿದ್ಧವಾಗಿತ್ತು, ಬಾವಿಯನ್ನು ಇನ್ನೂ ತೋಡಿರಲಿಲ್ಲ.

ಬಾವಿ ಇಲ್ಲವೆಂದು ಪ್ಲಾಂಟೆ ಕೊಡವನ್ನು ಒಡೆಯಲಿಲ್ಲ. ವರ್ಷದ ಮೇಲೆ ವರ್ಷ ಅದರ ಗುಣದೋಷಗಳನ್ನು ಅಳೆಯುತ್ತ ಹೋದನು. ನೂರಾರು ಕೋಶಗಳನ್ನು ಶ್ರೇಣಿಯಾಗಿ ಜೋಡಿಸಿ, ಆ ಪ್ರಬಲ ವಿದ್ಯುತ್ತಿನಿಂದ ಮಿಂಚಿನ ಬಗೆಗಳನ್ನು ಮೇಜಿನ ಮೇಲೆಯೇ ಹೋಲಿಸಿ ನೋಡಿದನು. 1879ರಲ್ಲಿ ತನ್ನ ಸಂಶೋಧನೆಗಳನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಿದನು.

ಅಷ್ಟರಲ್ಲಿ ಬಾವಿಯೂ ಸಿದ್ಧವಾಗುತ್ತ ಬಂದಿತು. ಗ್ರಾಮ್ ಎಂಬವನು 1871ರಲ್ಲಿ ಅದೇ ಅಕಾಡೆಮಿಗೆ ತನ್ನ ಡೈನಮೋ ಯಂತ್ರವನ್ನು ತೋರಿಸಿದ್ದನು. 1881ರಲ್ಲಿ ಕಮೀಲ್ ಫೋರ್ ಎಂಬ ಫ್ರೆಂಚನು ಸೀಸದ ಫಲಕಕ್ಕೆ ಸೀಸದ ಆಕ್ಸೈಡನ್ನು ಮೆತ್ತುವ ಉಪಾಯವನ್ನು ಬಳಕೆಗೆ ತಂದುದರಿಂದ ತಿಂಗಳುಗಳ ಹದಗೊಳಿಸುವಿಕೆ ಬಹಳ ಮಟ್ಟಿಗೆ ತಪ್ಪಿತು. ಮರುವರ್ಷವೇ ಲಂಡನ್ನಿನ ಥೇಮ್ಸ್ ನದಿಯಲ್ಲಿ ‘ಎಲೆಕ್ಟ್ರಿಸಿಟಿ’ ಎಂಬ ದೋಣಿ ಸೀಸದ ಬ್ಯಾಟರಿಗಳಿಂದ ಓಡಿತು. ಆ ದಶಕ ಮುಗಿಯುವುದರೊಳಗೆ ಅದೇ ನದಿಯಲ್ಲಿ ಬಾಡಿಗೆಯ ವಿದ್ಯುತ್ ದೋಣಿಗಳೂ ಅವನ್ನು ಚಾರ್ಜು ಮಾಡುವ ಕಟ್ಟೆಗಳೂ ಕಾಣಿಸಿಕೊಂಡವು. ವ್ಯಾಪಾರದ ಲಾಭ ಬೇರೆಯವರ ಪಾಲಾಯಿತು. ಆದರೆ ಫೋರನ ಫಲಕಕ್ಕೆ ಬುನಾದಿ ಪ್ಲಾಂಟೆಯ ಸೀಸವೇ.

1889ನೆಯ ಮೇ 21ರಂದು, ತನ್ನ 55ನೆಯ ವಯಸ್ಸಿನಲ್ಲಿ, ಪ್ಲಾಂಟೆ ತೀರಿಕೊಂಡನು. ಕೊನೆಯುಸಿರೆಳೆದ ಬೆಲ್‌ವ್ಯೂ ಎಂಬುದು ಹಿಂದೆ ಆ ಹಕ್ಕಿ ಸಿಕ್ಕಿದ ಮ್ಯುದೋನಿಗೇ ಸೇರಿದ ಸ್ಥಳ.

ಓದಿದ ಓದು ಯಾವಾಗ ಉಪಯೋಗಕ್ಕೆ ಬಂದೀತು ಎಂಬ ಪ್ರಶ್ನೆ ಪದವಿ ಮುಗಿಸಿ ಹೊರಡುವ ನಮ್ಮೆಲ್ಲರದು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರನ್ನು ಮನೆಯವರೂ ನೆರೆಯವರೂ ಕೇಳುವುದು ಇದನ್ನೇ. ಪ್ಲಾಂಟೆಯ ಜೀವನ ಅದಕ್ಕೆ ಸುಲಭದ ಸಮಾಧಾನವನ್ನು ಹೇಳುವುದಿಲ್ಲ. ಆತನು ಇಪ್ಪತ್ತು ವರ್ಷ ಕಾಯಬೇಕಾಯಿತು, ಗ್ರಾಮನ ಯಂತ್ರ ಬಾರದಿದ್ದರೆ ಇನ್ನೂ ಕಾಯಬೇಕಾಗುತ್ತಿತ್ತು. ಆದರೆ ಡೈನಮೋ ಬಂದ ದಿನ ತುಂಬಿಕೊಳ್ಳಲು ಪಾತ್ರೆಯೊಂದು ಸಿದ್ಧವಾಗಿದ್ದಿತು. ಅದನ್ನು ಸಿದ್ಧಪಡಿಸುವುದಷ್ಟೇ ಆತನ ಕೈಯಲ್ಲಿದ್ದ ಕೆಲಸ. ಅದನ್ನು ಆತನು ಚೆನ್ನಾಗಿ ಮಾಡಿದನು.