ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (17 ಆಗಸ್ಟ್ 1909 – 11 ಜೂನ್ 1963) ಭಾರತದ ಫುಟ್‌ಬಾಲ್ ತರಬೇತುದಾರರು. ಹೈದರಾಬಾದಿನಲ್ಲಿ ಜನಿಸಿದ ಇವರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದರು.

ಹೈದರಾಬಾದ್ ಪೊಲೀಸ್ ತಂಡ

ವಿದ್ಯಾರ್ಥಿಯಾಗಿದ್ದಾಗ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದ ರಹೀಮ್, 1950ರಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ವಹಿಸಿಕೊಂಡರು. ಅದೇ ವರ್ಷ ತಂಡವು ಡ್ಯುರಾಂಡ್ ಕಪ್ ಗೆದ್ದಿತು. 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಅದರ ಪಾಲಾಯಿತು.

ರಾಷ್ಟ್ರೀಯ ತಂಡ

ಇವರ ತರಬೇತಿಯಲ್ಲಿ ಭಾರತವು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದ ಎದುರು 1–10ರಿಂದ ಸೋತಿತು. ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಬಳಿಕ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿದ ತಂಡವು ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಎಂ. ಕೆಂಪಯ್ಯ ಆ ತಂಡದಲ್ಲಿದ್ದರು.

ಕೊನೆಯ ಪಂದ್ಯಾವಳಿ

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ವೇಳೆಗೆ ರಹೀಮ್ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ದಕ್ಷಿಣ ಕೊರಿಯಾದ ಎದುರಿನ ಮೊದಲ ಪಂದ್ಯದಲ್ಲಿ ಭಾರತ 0–2ರಿಂದ ಸೋತಿತು. ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ಮುಂದಿನ ಸಾಲಿಗೆ ತರಲಾಯಿತು. ಸೆಪ್ಟೆಂಬರ್ 4ರಂದು ನಡೆದ ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿತು; ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ತಲಾ ಒಂದು ಗೋಲು ಗಳಿಸಿದರು. ಮರುವರ್ಷ ರಹೀಮ್ ನಿಧನರಾದರು.

ನಂತರ

ಇಂಗ್ಲೆಂಡಿನ ಹ್ಯಾರಿ ರೈಟ್ ತರಬೇತಿಯಲ್ಲಿ ಭಾರತವು 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಗಳಿಸಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಮತ್ತೆ ಭಾರತಕ್ಕೆ ದಕ್ಕಿಲ್ಲ.