ಅರಸನನ್ನೂ ಕಟ್ಟಿದ ಶಿಸ್ತು: ಕೆಳದಿಯ ಶಿವಪ್ಪನಾಯಕ

ಮಕ್ಕಳಿಗೆ ಶಿಸ್ತು ಇರಬೇಕೆಂದು ನಾವು ದಿನವೂ ಹೇಳುತ್ತೇವೆ. ಶಾಲೆಯಲ್ಲಿ ಸಾಲಾಗಿ ನಿಲ್ಲುವುದು, ಹೇಳಿದ ಹೊತ್ತಿಗೆ ಬರುವುದು, ಹಿರಿಯರ ಮಾತಿಗೆ ತಲೆಬಾಗುವುದು ಇವೇ ಶಿಸ್ತು ಎಂದು ತಿಳಿದಿದ್ದೇವೆ. ಆದರೆ ಮೂರೂವರೆ ಶತಮಾನಗಳ ಹಿಂದೆ ನಮ್ಮ ಮಲೆನಾಡಿನಲ್ಲಿ ಶಿಸ್ತು ಎಂದರೆ ರೈತನ ಗದ್ದೆಗೆ, ತೋಟಕ್ಕೆ ಗೊತ್ತುಪಡಿಸಿದ ಕಂದಾಯದ ಹೆಸರಾಗಿತ್ತು. ಆ ಹೆಸರಿನೊಡನೆ ಒಬ್ಬ ಅರಸನ ಹೆಸರೂ ಬೆಸೆದುಕೊಂಡು, ಜನರು ಅವನನ್ನು ಶಿಸ್ತಿನ ಶಿವಪ್ಪನಾಯಕನೆಂದೇ ಕರೆದರು. ಯುದ್ಧ ಗೆದ್ದ ಅರಸರು ಇತಿಹಾಸದಲ್ಲಿ ಅನೇಕರಿದ್ದಾರೆ. ಲೆಕ್ಕವನ್ನು ಸರಿಯಾಗಿಟ್ಟದ್ದಕ್ಕಾಗಿ ಜನರ ನಾಲಗೆಯ ಮೇಲೆ ಉಳಿದ ಅರಸರು ಬಹಳ ವಿರಳ. ಆ ವಿರಳರಲ್ಲಿ ಒಬ್ಬನ ಬದುಕನ್ನು ಇಂದು ನಾವು ಸ್ಮರಿಸಲು ಬಯಸುತ್ತೇವೆ.

ಭಟ್ಕಳದಿಂದ ಹೊನ್ನಾವರವನ್ನು ಹಾಯ್ದು ಕುಮಟಾಕ್ಕೆ ಹೋಗುವ ದಾರಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು ನಮ್ಮ ಜೊತೆಗೇ ಬರುತ್ತವೆ. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುತ್ತಾಳೆ. ಕುಮಟಾದ ಆಚೆ ಮಿರ್ಜಾನದ ಕೋಟೆಯ ಬಳಿ ಅಘನಾಶಿನಿ ಹರಿಯುತ್ತಾಳೆ. ಘಟ್ಟದ ಮೇಲಿನ ಕಾಳುಮೆಣಸು ಮತ್ತು ಅಡಿಕೆ, ಕೆಳಗಿನ ಬಯಲಿನ ಅಕ್ಕಿ ಈ ನದಿಗಳ ಬಾಯಿಗೆ ಬಂದು, ಅಲ್ಲಿಂದ ಹಡಗೇರಿ ಗೋವೆಗೂ ಅರಬ್ಬರ ನಾಡಿಗೂ ಹೋಗುತ್ತಿದ್ದವು. ಈ ಸೀಮೆಯನ್ನು ಆಳಿದ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇದೇ ಕಾರಣದಿಂದ. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪನಾಯಕನು ಆಕೆಯ ರಾಜ್ಯವನ್ನು ಗೆದ್ದುಕೊಂಡನು. ಅಲ್ಲಿಂದ ಮುಂದೆ ಘಟ್ಟದ ಮೇಲಿನ ವೀರಶೈವ ಲಿಂಗಾಯತ ಮನೆತನವೊಂದರ ಆಳ್ವಿಕೆಯು ಕರಾವಳಿಗೂ ಇಳಿಯಿತು.

ವೆಂಕಟಪ್ಪನಾಯಕನ ಕಾಲದಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಗೋವೆಯಿಂದ ಹೊನ್ನಾವರಕ್ಕೆ ಬಂದನು. ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನೇರಿ, ಆಗ ರಾಜಧಾನಿಯಾಗಿದ್ದ ಇಕ್ಕೇರಿಯನ್ನು ಸೇರಿದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಕಂಡ ನೋಟವೊಂದನ್ನು ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕವನ್ನು ಕಲಿಯುತ್ತಿದ್ದರು. ಬರೆದದ್ದು ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಗುರುಗಳು ಎದುರಿಗಿರಲಿಲ್ಲ. ಮಕ್ಕಳೇ ಒಬ್ಬರಿಗೊಬ್ಬರು ಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಲೆಕ್ಕವು ಅರಮನೆಯ ಕರಣಿಕರ ಗುಟ್ಟಾಗಿರದೆ ಗುಡಿಯ ಜಗಲಿಯಲ್ಲಿಯೂ ಕೇಳಿಸುತ್ತಿದ್ದ ನಾಡು ಅದು. ಶಿವಪ್ಪನಾಯಕನ ಕೆಲಸವು ಬೇರೂರಿದ ನೆಲ ಎಂಥದೆಂಬುದು ಈ ಒಂದು ನೋಟದಿಂದ ನಮಗೆ ತಿಳಿಯುತ್ತದೆ.

ವೆಂಕಟಪ್ಪನಾಯಕನ ಅನಂತರ 1629ರಲ್ಲಿ ಪಟ್ಟಕ್ಕೆ ಬಂದವನು ವೀರಭದ್ರನಾಯಕ. ಅವನ ಕಾಲದಲ್ಲಿ ರಾಜ್ಯಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಇಕ್ಕೇರಿಯ ಮೇಲೆ ದಾಳಿ ಮಾಡಿದನು. ರಾಜಧಾನಿಯನ್ನು ಘಟ್ಟದ ದಟ್ಟ ಕಾಡಿನ ನಡುವಿನ ಬಿದನೂರಿಗೆ ಸಾಗಿಸಬೇಕಾಯಿತು. ಮಕ್ಕಳಿಲ್ಲದ ವೀರಭದ್ರನಾಯಕನ ಬಳಿಕ, 1645ರಲ್ಲಿ, ಸಂಬಂಧದಲ್ಲಿ ಅವನಿಗೆ ಹಿರಿಯನಾಗಿದ್ದ ಶಿವಪ್ಪನಾಯಕನು ಪಟ್ಟವೇರಿದನು. ಅವನ ಕೈಗೆ ಬಂದದ್ದು ಸುಖದ ರಾಜ್ಯವಲ್ಲ. ಉತ್ತರದಲ್ಲಿ ಬಿಜಾಪುರವಿತ್ತು. ಕಡಲ ತೀರದಲ್ಲಿ ಪೋರ್ಚುಗೀಸರಿದ್ದರು. ಬೊಕ್ಕಸಕ್ಕೆ ಹಣ ಬೇಕಾಗಿತ್ತು. ಇಂಥ ಹೊತ್ತಿನಲ್ಲಿ ಅರಸರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ, ರೈತನ ಮೇಲೆ ಇನ್ನಷ್ಟು ಹೊರೆ ಹೇರುವುದು. ಶಿವಪ್ಪನಾಯಕನು ಹಿಡಿದ ದಾರಿ ಬೇರೆಯಾಗಿತ್ತು.

ರೈತನು ಎಷ್ಟು ಕೊಡಬಲ್ಲನೆಂದು ಕೇಳುವ ಮೊದಲು, ಭೂಮಿಯು ಎಷ್ಟು ಕೊಡಬಲ್ಲದೆಂಬುದನ್ನು ತಾನು ತಿಳಿಯಬೇಕೆಂದು ಅವನು ನಿಶ್ಚಯಿಸಿದನು. ಮಣ್ಣಿನ ಗುಣ, ನೀರಿನ ಆಸರೆಗಳನ್ನು ನೋಡಿ ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಗಳಾಗಿ ವಿಂಗಡಿಸಿದನು. ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಉಳುಮೆಯ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಬರೆದಿಡಿಸಿದನು. ಇದು ಒಂದು ವರ್ಷದ ಕೆಲಸವಲ್ಲ. ಹನ್ನೆರಡು ವರ್ಷಗಳ ಕಾಲ ಹೀಗೆ ಲೆಕ್ಕವಿಡಲಾಯಿತೆಂದು ಮುಂದೆ ಈ ಸೀಮೆಯ ಕಂದಾಯದ ಚರಿತ್ರೆಯನ್ನು ಬರೆದ ಬ್ರಿಟಿಷ್ ಅಧಿಕಾರಿಗಳು ದಾಖಲಿಸಿದ್ದಾರೆ. ಹನ್ನೆರಡು ವರ್ಷಗಳಲ್ಲಿ ಅತಿವೃಷ್ಟಿಯೂ ಬರುತ್ತದೆ, ಅನಾವೃಷ್ಟಿಯೂ ಬರುತ್ತದೆ. ಬೆಲೆ ಏರುತ್ತದೆ, ಇಳಿಯುತ್ತದೆ. ಒಂದು ಒಳ್ಳೆಯ ವರ್ಷವನ್ನು ನೋಡಿ ತೆರಿಗೆಯನ್ನು ಕಟ್ಟಿದರೆ ಕೆಟ್ಟ ವರ್ಷದಲ್ಲಿ ರೈತನು ಸಾಯುತ್ತಾನೆ ಎಂಬ ಅರಿವು ಈ ತಾಳ್ಮೆಯ ಹಿಂದೆ ಇತ್ತೆಂದು ನಾವು ಭಾವಿಸುತ್ತೇವೆ.

ಹೀಗೆ ದೊರೆತ ಸರಾಸರಿಯ ಮೇಲೆ ಅವನು ದರವನ್ನು ನಿಶ್ಚಯಿಸಿದನು. ಒಂದು ಖಂಡುಗ ಭತ್ತಕ್ಕೆ ಒಂದು ಹಣ, ಹತ್ತು ಹಣಕ್ಕೆ ಒಂದು ವರಹ ಎಂದು ಲೆಕ್ಕ ಹಿಡಿದು, ಒಟ್ಟು ಹುಟ್ಟುವಳಿಯಲ್ಲಿ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಪಡಿಸಿದನು. ಉಳಿದುದು ಬೆಳೆದವನದು.

ಅಡಿಕೆ ತೋಟಗಳ ವಿಷಯದಲ್ಲಿ ಅವನು ಮಾಡಿದ ವ್ಯವಸ್ಥೆ ಇನ್ನೂ ಸೂಕ್ಷ್ಮವಾದುದು. ಸುಮ್ಮನೆ ಮರವೆಣಿಸಿ ತೆರಿಗೆ ಹಾಕಿದರೆ, ಒತ್ತಾಗಿ ನೆಟ್ಟವನಿಗೆ ಒಂದು ನ್ಯಾಯ, ವಿರಳವಾಗಿ ನೆಟ್ಟವನಿಗೆ ಇನ್ನೊಂದು ನ್ಯಾಯವಾಗುತ್ತದೆ. ಆದ್ದರಿಂದ ಒಂದು ಮರಕ್ಕೆ ಸಲ್ಲಬೇಕಾದ ಜಾಗದ ಅಳತೆಯನ್ನೇ ಒಂದು ಕೋಲಿನಿಂದ ನಿಗದಿಪಡಿಸಿದನು. ಸುಮಾರು ಹದಿನೆಂಟೂವರೆ ಅಡಿಯ ಆ ಅಳತೆಗೆ ಆಧಾರವಾದದ್ದು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲು. ಹೀಗೆ ಅಳೆದ ಸಾವಿರ ಜಾಗಗಳಿಗೆ ಇಷ್ಟು ವರಹವೆಂದು, ಮಣ್ಣಿನ ಗುಣವನ್ನು ನೋಡಿ, ತೋಟದ ಕಂದಾಯವು ತೀರ್ಮಾನವಾಗುತ್ತಿತ್ತು. ಈ ಕಲ್ಲಿನ ವಿಷಯದಲ್ಲಿ ಭಕ್ತರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ನಮ್ಮ ಆಶೆ. ಅಧಿಕಾರಿಯ ಕೈಯಲ್ಲಿರುವ ಕೋಲು ಗಿಡ್ಡವಾಗಬಹುದು, ಉದ್ದವಾಗಬಹುದು. ದೇವರ ಎದುರಿನ ಕಲ್ಲು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅನುಮಾನ ಬಂದ ರೈತನಿಗೂ ಆ ಕಲ್ಲು ಕಾಣುತ್ತದೆ. ಅಳತೆಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಇಟ್ಟ ಕ್ಷಣದಲ್ಲಿಯೇ ಅರಸನು ತನ್ನ ಕೈಯನ್ನೂ ಕಟ್ಟಿಕೊಂಡಂತಾಯಿತು.

ಕರಾವಳಿಯ ಜನರಿಗೆ ಇದ್ದ ಸಂಕಟ ಇನ್ನೊಂದು ಬಗೆಯದು. 1568-69ರ ಸುಮಾರಿನಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು ಮತ್ತು ಮಂಗಳೂರುಗಳಲ್ಲಿ ಬೇರೂರಿ ಕೋಟೆಗಳನ್ನು ಕಟ್ಟಿಕೊಂಡಿದ್ದರು. ಅವರ ರಹದಾರಿ ಚೀಟಿ ಇಲ್ಲದೆ ನಮ್ಮವರ ಹಡಗು ಕಡಲಿಗೆ ಇಳಿಯುವಂತಿರಲಿಲ್ಲ. ಘಟ್ಟದ ಮೇಲೆ ಬೆಳೆದವನು ಎಷ್ಟೇ ಬೆವರು ಸುರಿಸಲಿ, ನದಿಯ ಬಾಯಿಯಲ್ಲಿ ಕುಳಿತ ಹೊರಗಿನವರು ಹೇಳಿದ್ದೇ ಬೆಲೆಯಾದರೆ ನ್ಯಾಯವಾದ ಕಂದಾಯದಿಂದ ಮಾತ್ರ ಅವನ ಬದುಕು ನೇರವಾಗದು. ಗದ್ದೆಯ ಲೆಕ್ಕ ಮತ್ತು ಬಂದರಿನ ಲೆಕ್ಕ ಬೇರೆ ಬೇರೆಯಲ್ಲವೆಂಬುದನ್ನು ಶಿವಪ್ಪನಾಯಕನು ಕಂಡುಕೊಂಡಿದ್ದನು. ಪೋರ್ಚುಗೀಸರು ಡಚ್ಚರೊಡನೆ ಸಿಂಹಳದಲ್ಲಿ ಹೋರಾಡುತ್ತ ದಣಿದಿದ್ದ ಸಮಯವನ್ನು ನೋಡಿ, 1652ರಿಂದ 1654ರವರೆಗೆ ನಡೆದ ಕಾಳಗಗಳಲ್ಲಿ ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳನ್ನು ಅವರ ಹಿಡಿತದಿಂದ ಬಿಡಿಸಿದನು. ಸುಮಾರು ಎಂಟು ದಶಕಗಳ ಕಾಲ ಶರಾವತಿಯ ಬಾಯಲ್ಲಿ ನಿಂತಿದ್ದ ಪರರ ಕೋಟೆಯು ಕನ್ನಡದ ಅರಸನ ಕೈಗೆ ಬಂದಿತು. ಮುಂದಿನ ಕಾಲದಲ್ಲಿ ಏಳುಬೀಳುಗಳಾದವು, ಪೋರ್ಚುಗೀಸರು ವ್ಯಾಪಾರಕ್ಕಾಗಿ ಮತ್ತೆ ಬಂದರು. ಆದರೆ ಆಗ ಅವರು ಕೆಳದಿಯ ಅರಸರೊಡನೆ ಒಪ್ಪಂದ ಮಾಡಿಕೊಂಡೇ ಬರಬೇಕಾಯಿತು.

ಬಿದನೂರನ್ನು ಅವನು ದೊಡ್ಡ ನಗರವಾಗಿ ಬೆಳೆಸಿದನು. ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸಿದನು. ರಾಜ್ಯವನ್ನು ಕಳೆದುಕೊಂಡು ಬಂದ ವಿಜಯನಗರದ ಕೊನೆಯ ಅರಸ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟನು. ಅವನ ಪರವಾಗಿ ಶ್ರೀರಂಗಪಟ್ಟಣದವರೆಗೂ ಸೈನ್ಯವನ್ನು ನಡೆಸಿದನು. ಆ ದಂಡಯಾತ್ರೆ ಫಲಿಸಲಿಲ್ಲ. ಜಂಗಮ ಮಠಗಳಿಗೆ ಆಶ್ರಯವಾಗಿದ್ದ ಈ ಮನೆತನವು ಶೃಂಗೇರಿಗೂ ಕೊಲ್ಲೂರಿಗೂ ದತ್ತಿಗಳನ್ನು ಕೊಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ತನ್ನ ನಿಷ್ಠೆಯನ್ನು ಬಿಡದೆ ಪರರ ನಿಷ್ಠೆಯನ್ನು ಗೌರವಿಸುವುದು ಆ ಮನೆಯ ರೂಢಿಯಾಗಿತ್ತು. 1660ರಲ್ಲಿ ಶಿವಪ್ಪನಾಯಕನು ಲಿಂಗೈಕ್ಯನಾದನು. ಆಳಿದ್ದು ಹದಿನೈದು ವರ್ಷಗಳು ಮಾತ್ರ.

ಅರಸನು ಹೋದ ಮೇಲೆ ಅವನ ಲೆಕ್ಕ ಉಳಿಯಿತೆಂಬುದೇ ಈ ಕಥೆಯ ಮುಖ್ಯ ಭಾಗ. ಅವನ ಶಿಸ್ತು 1660ರಿಂದ ಮೂವತ್ತೊಂಬತ್ತು ವರ್ಷಗಳ ಕಾಲ ಬದಲಾಗದೆ ನಡೆಯಿತು. ಆ ಅವಧಿಯಲ್ಲಿ ಪಟ್ಟದ ಮೇಲೆ ಅನೇಕರು ಬಂದು ಹೋದರು. ಅವರಲ್ಲಿ ಅವನ ಸೊಸೆ ಚೆನ್ನಮ್ಮಾಜಿಯೂ ಒಬ್ಬಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಧೀರೆ ಆಕೆ. ಅಂಥ ಯುದ್ಧದ ಕಾಲದಲ್ಲಿಯೂ ಮಾವನು ಗೊತ್ತುಪಡಿಸಿದ ದರ ನಿಂತಿತು. 1700ರಲ್ಲಿ ಮೊದಲ ಸಲ ವರಹಕ್ಕೆ ಒಂದಾಣೆಯನ್ನು ಹೆಚ್ಚಿಸಲಾಯಿತು. ಆ ಹೆಚ್ಚಳದ ಹೆಸರೇ ದಾಸೋಹ. ಹಸಿದು ಬಂದವರಿಗೆಲ್ಲ ಅನ್ನವಿಕ್ಕುವುದಕ್ಕಾಗಿ ಅದನ್ನು ಎತ್ತಲಾಗುತ್ತಿತ್ತು. ತೆರಿಗೆಯ ಪಟ್ಟಿಯಲ್ಲಿ ದಾಸೋಹವೆಂಬ ಪದ ಬರೆದ ರಾಜ್ಯವು ನಮ್ಮ ಪೂರ್ವಜರದೆಂಬುದು ನಮಗೆ ಅಭಿಮಾನದ ಸಂಗತಿ. ಆಗ ಆಳುತ್ತಿದ್ದವನು ಚೆನ್ನಮ್ಮಾಜಿಯ ದತ್ತುಪುತ್ರ ಬಸಪ್ಪನಾಯಕ. ರಾಜನೀತಿಯಿಂದ ಹಿಡಿದು ಪಾಕಶಾಸ್ತ್ರದವರೆಗೆ ಅನೇಕ ವಿದ್ಯೆಗಳನ್ನು ಒಳಗೊಂಡ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದವನೂ ಅವನೇ. ಹೊನ್ನಾವರದ ಎದುರಿಗೆ ಕಡಲಲ್ಲಿರುವ ಬಸವರಾಜದುರ್ಗದ ದ್ವೀಪವು ಇಂದಿಗೂ ಆ ಮನೆತನದ ನೆನಪನ್ನು ಹೊತ್ತು ನಿಂತಿದೆ.

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದನು. ಕಂದಾಯದ ಹೊರೆ ಏರಿತು. ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಥಾಮಸ್ ಮನ್ರೋ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದಾಗ, ಇಲ್ಲಿನ ಹಳೆಯ ಕಂದಾಯದ ಲೆಕ್ಕಗಳನ್ನು ತರಿಸಿ ಓದಿದನು. ರೈತರು ತಾಳಬಲ್ಲ ಕಂದಾಯ ಯಾವುದೆಂದು ತಿಳಿಯಲು ಅವನು ಬಿದನೂರಿನ ಅರಸರ ದರದ ಕಡೆಗೇ ತಿರುಗಬೇಕಾಯಿತು. ರಾಜ್ಯ ಅಳಿದಿತ್ತು, ಅರಮನೆ ಬಿದ್ದಿತ್ತು. ಲೆಕ್ಕದ ಕಡತ ಮಾತ್ರ ಸಾಕ್ಷಿಯಾಗಿ ನಿಂತಿತ್ತು.

ಎಲ್ಲವೂ ನಿರ್ದೋಷವಾಗಿತ್ತೆಂದು ನಾವು ಹೇಳುವುದಿಲ್ಲ. ಹುಟ್ಟುವಳಿಯ ಮೂರನೆಯ ಒಂದು ಭಾಗ ಸಣ್ಣ ಪಾಲಲ್ಲ. ಒಡೆಯನ ಭೂಮಿಯನ್ನು ಚಾಲಗೇಣಿಗೆ ಮಾಡುತ್ತಿದ್ದ ಬಡ ಒಕ್ಕಲಿಗೆ ಅರಮನೆಯ ನ್ಯಾಯವು ನೇರವಾಗಿ ಮುಟ್ಟಲಿಲ್ಲ. ಗೇಣಿಯ ಆ ಸಂಕಟ ಕಳೆಯಲು ಕರಾವಳಿಯು 1974ರ ಭೂಸುಧಾರಣೆಯವರೆಗೂ ಕಾಯಬೇಕಾಯಿತು. ಆದರೂ ನಾಳೆ ಏನು ಕೊಡಬೇಕಾದೀತೋ ಎಂಬ ಭಯದಲ್ಲಿ ಬದುಕುವುದಕ್ಕೂ, ಕೊಡಬೇಕಾದದ್ದು ಇಷ್ಟೇ ಎಂದು ತಿಳಿದು ಬದುಕುವುದಕ್ಕೂ ಬಹಳ ಅಂತರವಿದೆ. ಇಷ್ಟೇ ಎಂದು ತಿಳಿದವನು ಹೊಸ ಅಡಿಕೆ ಸಸಿಯನ್ನು ನೆಡುತ್ತಾನೆ. ಅದು ಫಲ ಕೊಡುವವರೆಗೆ ವರ್ಷಗಟ್ಟಲೆ ಕಾಯುವ ಧೈರ್ಯ ಅವನಿಗಿರುತ್ತದೆ. ನಾಡಿನ ಏಳಿಗೆ ಆರಂಭವಾಗುವುದು ಆ ಧೈರ್ಯದಿಂದ.

ಇಂದು ಸಂಸ್ಥೆಗಳನ್ನು ನಡೆಸುವವರು ಹೊಸತನದ ಮಾತನ್ನು ಬಹಳ ಆಡುತ್ತಾರೆ. ನಮ್ಮ ವಿದ್ಯಾಸಂಸ್ಥೆಗಳು, ಸಹಕಾರಿ ಸಂಘಗಳು, ಗ್ರಾಮ ಪಂಚಾಯಿತಿಗಳು ವರ್ಷಕ್ಕೊಂದು ಹೊಸ ಯೋಜನೆಯನ್ನು ಸಾರುತ್ತವೆ. ಶಿವಪ್ಪನಾಯಕನ ಹೊಸತನವು ಸಾರಿದ್ದಾಗಿರಲಿಲ್ಲ, ಸಾಗುವಳಿ ಮಾಡಿ ತಿಳಿದದ್ದಾಗಿತ್ತು. ಶಿಕ್ಷಕರಿಗೆ ನಿಯಮವನ್ನು ಮಾಡುವವರು ಒಂದು ತರಗತಿಯಲ್ಲಿ ಕೆಲವು ತಿಂಗಳಾದರೂ ನಿಂತು ಪಾಠ ಹೇಳಿ ನೋಡಲಿ. ರೈತರಿಗೆ ಸಲಹೆ ಕೊಡುವವರು ಒಂದು ಗದ್ದೆಯನ್ನು ತಮ್ಮ ಖರ್ಚಿನಲ್ಲಿ ಬೆಳೆದು ನೋಡಲಿ. ಅಳತೆಗೋಲು ಯಾವುದೆಂಬುದನ್ನು ಕಡತದೊಳಗೆ ಬಚ್ಚಿಡದೆ ಎಲ್ಲರಿಗೂ ಕಾಣುವ ಕಲ್ಲಿನ ಮೇಲೆ ಇಡಲಿ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಪರರ ಹಣದ ಲೆಕ್ಕವನ್ನು ಶುದ್ಧವಾಗಿ ಇಡುವುದೂ ಕಾಯಕವೆಂಬುದನ್ನು ನಮಗೆ ಬದುಕಿ ತೋರಿಸಿದವರು. ಆ ಪರಂಪರೆಯ ಒಂದು ಕವಲು ಮಲೆನಾಡಿನಲ್ಲಿ ರಾಜ್ಯದ ರೂಪವನ್ನು ತಾಳಿತೆಂದು ನಾವು ತಿಳಿಯುತ್ತೇವೆ.

ಇನ್ನು ಮುಂದೆ ಮಕ್ಕಳಿಗೆ ಶಿಸ್ತು ಎಂಬ ಪದವನ್ನು ಹೇಳುವಾಗ, ಅದರ ಹಳೆಯ ಅರ್ಥವನ್ನೂ ನಾವು ನೆನಪಿನಲ್ಲಿಟ್ಟುಕೊಳ್ಳೋಣ. ಅದು ಕೆಳಗಿನವನು ಮೇಲಿನವನಿಗೆ ತೋರುವ ವಿಧೇಯತೆ ಮಾತ್ರವಲ್ಲ. ಮೇಲಿನವನು ತಾನೇ ಅಳೆದು, ತಾನೇ ಒಪ್ಪಿ, ಇದಕ್ಕಿಂತ ಹೆಚ್ಚು ಕೇಳೆನೆಂದು ಕೆಳಗಿನವನಿಗೆ ಕೊಟ್ಟ ಮಾತೂ ಹೌದು. ಆ ಮಾತನ್ನು ಮೊದಲು ನಮ್ಮ ಮನೆಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ ಉಳಿಸಿಕೊಳ್ಳೋಣ.