ಚಿಟಿಕೆ ಖನಿಜದ ಬೆಲೆ ತೋರಿಸಿದ ರೈತನ ಮಗ ಎಲ್ವೆಹೆಮ್



ಮಾಂಸದ ಕೋಳಿಗಳ ಆಹಾರ ತಯಾರಿಸುವುದನ್ನು ನೀವು ನೋಡಿರಬಹುದು. ಮುಸುಕಿನ ಜೋಳ, ಸೋಯಾ ಹಿಂಡಿ ಇವನ್ನೆಲ್ಲ ಕ್ವಿಂಟಲ್ ಲೆಕ್ಕದಲ್ಲಿ ಸುರಿಯುತ್ತಾರೆ. ಜೊತೆಗೆ ಒಂದು ಸಣ್ಣ ಪೊಟ್ಟಣದ ಪುಡಿಯನ್ನೂ ಬೆರೆಸುತ್ತಾರೆ. ರಾಶಿಯ ಮುಂದೆ ಅದರ ತೂಕ ಲೆಕ್ಕಕ್ಕೇ ಬಾರದು. ಇಷ್ಟು ಪುಡಿ ಬಿಟ್ಟರೆ ಏನಾದೀತು ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಬಿಟ್ಟು ನೋಡಿದರೆ ನಷ್ಟ ಬೇಗನೆ ಕಣ್ಣಿಗೆ ಬೀಳುತ್ತದೆ. ಹೊಟ್ಟೆ ತುಂಬ ತಿಂದ ಮರಿಗಳೇ ಸೊರಗುತ್ತವೆ. ಗರಿ ಒರಟಾಗುತ್ತದೆ. ಕಾಲಿನ ಕೀಲು ಊದಿಕೊಂಡು, ಹಿಂಭಾಗದ ಸ್ನಾಯುರಜ್ಜು ಜಾರಿ, ಕಾಲು ಪಕ್ಕಕ್ಕೆ ತಿರುಗುತ್ತದೆ. ಅಂಥ ಮರಿ ನೀರಿನ ಪಾತ್ರೆಯ ತನಕವೂ ನಡೆಯಲಾರದೆ ಮೂಲೆಯಲ್ಲಿ ಕುಸಿದು ಕೂಡುತ್ತದೆ.

ಆ ಪೊಟ್ಟಣದಲ್ಲಿ ಇರುವುದು ಮ್ಯಾಂಗನೀಸ್, ಸತು, ತಾಮ್ರ, ಕಬ್ಬಿಣ, ಅಯೋಡಿನ್, ಸೆಲೆನಿಯಂ ಎಂಬ ಸೂಕ್ಷ್ಮ ಖನಿಜಗಳು. ಇವು ಔಷಧಿಯಲ್ಲ, ಆಹಾರದ್ದೇ ಒಂದು ಭಾಗ. ಈ ಮಾತನ್ನು ಪ್ರಯೋಗ ಮಾಡಿ ಸಿದ್ಧಪಡಿಸಿದವರಲ್ಲಿ ಮುಖ್ಯರಾದವರು ಅಮೆರಿಕದ ಕಾನ್ರಾಡ್ ಎಲ್ವೆಹೆಮ್. ಅವರ ಜೀವನವನ್ನು ತಿಳಿದರೆ ಈ ಪೊಟ್ಟಣದ ಬೆಲೆಯೂ ನಿಮಗೆ ತಿಳಿಯುತ್ತದೆ.

ಹೊಲದಿಂದ ಪ್ರಯೋಗಶಾಲೆಗೆ

ಎಲ್ವೆಹೆಮ್ ಹುಟ್ಟಿದ್ದು 1901ರ ಮೇ 27ರಂದು, ವಿಸ್ಕಾನ್ಸಿನ್ ರಾಜ್ಯದ ಮೆಕ್‌ಫಾರ್ಲೆಂಡ್ ಎಂಬ ಊರಿನಲ್ಲಿ. ಅವರದು ನಾರ್ವೆ ದೇಶದಿಂದ ಬಂದು ನೆಲೆಸಿದ ಒಕ್ಕಲು ಮನೆತನ. ವಿಸ್ಕಾನ್ಸಿನ್ ಹೈನುಗಾರಿಕೆಗೆ ಹೆಸರಾದ ರಾಜ್ಯ. ದನಕರುಗಳ ನಡುವೆ ಬೆಳೆದ ಹುಡುಗ ಹತ್ತಿರದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ಸೇರಿ, 1923ರಲ್ಲಿ ಪದವಿ ಪಡೆದು, 1927ರಲ್ಲಿ ಡಾಕ್ಟರೇಟ್ ಗಳಿಸಿದರು. ಮುಂದೆ ಕೇಂಬ್ರಿಜ್‌ನಲ್ಲಿ ಕಳೆದ ಒಂದು ವರ್ಷ ಬಿಟ್ಟರೆ ಅವರ ಜೀವಮಾನವೆಲ್ಲ ಅಲ್ಲಿಯೇ ಕಳೆಯಿತು.

ಆ ವಿಶ್ವವಿದ್ಯಾನಿಲಯದ ಕೃಷಿ ರಸಾಯನ ವಿಭಾಗದಲ್ಲಿ ಮೊದಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. 1907ರಿಂದ 1911ರವರೆಗೆ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಮುಸುಕಿನ ಜೋಳದ ಗಿಡ ಮತ್ತು ಕಾಳು ಮಾತ್ರ, ಇನ್ನೊಂದಕ್ಕೆ ಗೋಧಿ ಮಾತ್ರ, ಮತ್ತೊಂದಕ್ಕೆ ಓಟ್ಸ್ ಮಾತ್ರ, ನಾಲ್ಕನೆಯದಕ್ಕೆ ಮೂರನ್ನೂ ಬೆರೆಸಿ ತಿನ್ನಿಸಿದರು. ಆಗಿನ ರಸಾಯನ ಲೆಕ್ಕದಂತೆ ಎಲ್ಲ ಗುಂಪಿಗೂ ಸಿಕ್ಕ ಪೋಷಣೆ ಒಂದೇ. ಆದರೆ ಜೋಳ ತಿಂದವು ದುಂಡಗೆ ಬೆಳೆದು ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವು ಸೊರಗಿ, ಅವುಗಳ ಕರುಗಳು ಉಳಿಯಲಿಲ್ಲ. ಲೆಕ್ಕಕ್ಕೆ ಸಿಗದ ಏನೋ ಒಂದು ಆಹಾರದಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಈ ಪ್ರಯೋಗದಲ್ಲಿ ದುಡಿದಿದ್ದ ಇ. ಬಿ. ಹಾರ್ಟ್ ಎಂಬ ವಿಜ್ಞಾನಿಯೇ ಎಲ್ವೆಹೆಮ್‌ರಿಗೆ ಗುರುವಾದರು. ಕಾಣದ ಆ ಪದಾರ್ಥಗಳನ್ನು ಒಂದೊಂದಾಗಿ ಹುಡುಕುವುದೇ ಶಿಷ್ಯರ ಕೆಲಸವಾಯಿತು.

ಹಾಲು ಕುಡಿದೂ ಬಿಳಿಚಿಕೊಂಡ ಇಲಿಗಳು

ಹಾಲು ಪೂರ್ಣ ಆಹಾರವೆಂದು ನಾವೆಲ್ಲ ಹೇಳುತ್ತೇವೆ. ಆದರೆ ಎಳೆಯ ಇಲಿಗಳಿಗೆ ಬರೀ ಹಾಲನ್ನೇ ಕೊಡುತ್ತ ಹೋದರೆ ಅವು ಬಿಳಿಚಿಕೊಂಡು ರಕ್ತಹೀನತೆಯಿಂದ ಸಾಯುತ್ತವೆ. ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹಾಗಾದರೆ ಕಬ್ಬಿಣ ಸೇರಿಸಿದರೆ ಸರಿಹೋಗಬೇಕಲ್ಲವೇ? ಹಾರ್ಟ್, ಸ್ಟೀನ್‌ಬಾಕ್, ವಾಡೆಲ್, ಎಲ್ವೆಹೆಮ್ ಈ ನಾಲ್ವರೂ ಚೆನ್ನಾಗಿ ಶುದ್ಧಿ ಮಾಡಿದ ಕಬ್ಬಿಣದ ಲವಣವನ್ನು ಹಾಲಿಗೆ ಬೆರೆಸಿ ಕೊಟ್ಟರು. ಇಲಿಗಳು ಚೇತರಿಸಿಕೊಳ್ಳಲಿಲ್ಲ. ಕಬ್ಬಿಣದ ಜೊತೆಗೆ ಒಣಗಿಸಿದ ಈಲಿ, ಅಂದರೆ ಯಕೃತ್ತು, ಕೊಟ್ಟಾಗ ರಕ್ತ ಏರಿತು.

ಈಲಿಯಲ್ಲಿ ಜೀವಸತ್ವವೇನಾದರೂ ಇದೆಯೋ ಎಂದು ತಿಳಿಯಲು ಅವರು ಮಾಡಿದ ಉಪಾಯ ಬಹಳ ಸರಳ. ಈಲಿಯನ್ನು ಸುಟ್ಟು ಬೂದಿ ಮಾಡಿದರು. ಬೆಂಕಿಯಲ್ಲಿ ಜೀವಸತ್ವವೆಲ್ಲ ನಾಶವಾಗಿ ಖನಿಜ ಮಾತ್ರ ಉಳಿಯುತ್ತದೆ. ಆ ಬೂದಿಯನ್ನೇ ಕಬ್ಬಿಣದ ಜೊತೆ ಕೊಟ್ಟರೂ ಇಲಿಗಳು ಗುಣವಾದವು. ಅಂದಮೇಲೆ ಬೇಕಾದ ಪದಾರ್ಥ ಬೂದಿಯಲ್ಲೇ ಇತ್ತು. ಬೂದಿಯನ್ನು ಬಿಡಿಸಿ, ಭಾಗ ಭಾಗವಾಗಿ ಪರೀಕ್ಷಿಸುತ್ತ ಹೋದಾಗ ಕೊನೆಗೆ ಕೈಗೆ ಸಿಕ್ಕಿದ್ದು ತಾಮ್ರ. ದಿನಕ್ಕೆ ಅರ್ಧ ಮಿಲಿಗ್ರಾಂ ಕಬ್ಬಿಣದ ಜೊತೆ ಕಾಲು ಮಿಲಿಗ್ರಾಂ ತಾಮ್ರ ಕೊಟ್ಟರೆ ಸಾಯುವ ಇಲಿ ಬದುಕುತ್ತಿತ್ತು. ತಾಮ್ರವನ್ನು ಕೊಟ್ಟದ್ದು ನೀವು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದ ರೂಪದಲ್ಲೇ. ಇದು ಪ್ರಕಟವಾದದ್ದು 1928ರಲ್ಲಿ. ಆಗ ಎಲ್ವೆಹೆಮ್‌ರಿಗೆ 27 ವರ್ಷ.

ರಕ್ತದಲ್ಲಿ ತಾಮ್ರ ಕಬ್ಬಿಣದ ಜಾಗಕ್ಕೆ ಬರುವುದಿಲ್ಲ. ದೇಹದ ಉಗ್ರಾಣದಲ್ಲಿ ಕೂತ ಕಬ್ಬಿಣವನ್ನು ಹೊರತಂದು ರಕ್ತ ಕಟ್ಟುವ ಕಡೆಗೆ ಸಾಗಿಸಲು ತಾಮ್ರವಿರುವ ಒಂದು ಪ್ರೋಟೀನು ಬೇಕು. ತಾಮ್ರ ಇಲ್ಲದಿದ್ದರೆ ಕಬ್ಬಿಣ ಇದ್ದೂ ಇಲ್ಲದಂತೆ. ಒಂದು ಖನಿಜದ ಕೊರತೆಯಿಂದ ಇನ್ನೊಂದು ಖನಿಜ ವ್ಯರ್ಥವಾಗುವ ಈ ಪಾಠ ಮುಂದೆ ಪಶು ಆಹಾರದ ಶಾಸ್ತ್ರಕ್ಕೇ ಬುನಾದಿಯಾಯಿತು. 1932ರಲ್ಲಿ ಎಲ್ವೆಹೆಮ್ ಮತ್ತು ಹಾರ್ಟ್ ಹಂದಿಮರಿಗಳಲ್ಲೂ ಇದನ್ನೇ ತೋರಿಸಿದರು.

ಸತು, ಮ್ಯಾಂಗನೀಸ್ ಮತ್ತು ಕೋಳಿಯ ಕಾಲು

ಮುಂದಿನ ಸರದಿ ಸತುವಿನದು. ಸತು ಇಲ್ಲದ ಆಹಾರ ತಯಾರಿಸುವುದೇ ಒಂದು ಸಾಹಸ. ಧಾನ್ಯದಲ್ಲಿ ಸತು ಇದೆ, ನೀರಿನಲ್ಲೂ ಸ್ವಲ್ಪ ಇರುತ್ತದೆ. ತುಕ್ಕು ಹಿಡಿಯದಂತೆ ತಗಡಿನ ಬಕೆಟ್ಟಿಗೆ, ಪಂಜರದ ತಂತಿಗೆ ಹಾಕುವ ಲೇಪವೂ ಸತುವಿನದೇ. ಹಾಗಿದ್ದರೂ 1934ರಲ್ಲಿ ಎಲ್ವೆಹೆಮ್ ಮತ್ತು ಸಂಗಡಿಗರು ಸತು ಅತಿ ಕಡಿಮೆಯಿರುವ ಆಹಾರ ಸಿದ್ಧಪಡಿಸಿ, ಅದನ್ನು ತಿಂದ ಇಲಿಗಳ ಬೆಳವಣಿಗೆ ಕುಂಠಿತವಾಗಿ ಕೂದಲು ಉದುರುವುದನ್ನು ತೋರಿಸಿದರು. ಮ್ಯಾಂಗನೀಸಿನ ಬಗ್ಗೆಯೂ ಅವರ ಪ್ರಯೋಗಶಾಲೆಯಲ್ಲಿ ಕೆಲಸ ನಡೆಯಿತು.

ಈ ಅರಿವು ಕೋಳಿಗಳಿಗೆ ಒದಗಿದ್ದು ಸಕಾಲದಲ್ಲಿ. ಕೋಳಿಗಳನ್ನು ಬಯಲಿನಿಂದ ತಂದು ಮನೆಯೊಳಗೆ ಕೂಡಿಹಾಕಿ ಸಾಕುವ ಪದ್ಧತಿ ಅಮೆರಿಕದಲ್ಲಿ ಬೆಳೆಯುತ್ತಿದ್ದ ಕಾಲ ಅದು. ಕಾಲಿನ ಸ್ನಾಯುರಜ್ಜು ಜಾರುವ ರೋಗ ಅಲ್ಲಿನ ಸಾಕಣೆದಾರರನ್ನು ಕಾಡುತ್ತಿತ್ತು. 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲ್ಗಸ್, ನಾರಿಸ್, ಹ್ಯೂಸರ್ ಎಂಬವರು ಇದಕ್ಕೆ ಮ್ಯಾಂಗನೀಸಿನ ಕೊರತೆ ಮುಖ್ಯ ಕಾರಣವೆಂದು ಕಂಡರು. ಸುಣ್ಣ ಮತ್ತು ರಂಜಕದ ಅಂಶ ಅತಿಯಾದರೆ ರೋಗ ಹೆಚ್ಚುತ್ತದೆ ಎಂಬುದೂ ಗೊತ್ತಾಯಿತು. ಅವು ಮ್ಯಾಂಗನೀಸನ್ನು ಕರುಳಿನಲ್ಲೇ ಹಿಡಿದು ಹಾಕುತ್ತವೆ. ಮೂಳೆ ಗಟ್ಟಿಯಾಗಲೆಂದು ಮೂಳೆಹುಡಿ ಸುರಿದವರ ಕೋಳಿಗಳೇ ಕುಂಟಾಗುತ್ತಿದ್ದವು!

ಎಲ್ವೆಹೆಮ್ ಸ್ವತಃ ಕೋಳಿಮರಿಗಳ ಮೇಲೂ ದುಡಿದರು. ಕೊಕ್ಕಿನ ಅಂಚಿನಲ್ಲಿ ಹಕ್ಕಳೆ ಕಟ್ಟಿ, ಕಣ್ಣುರೆಪ್ಪೆ ಅಂಟಿ, ಪಾದ ಬಿರಿಯುವ ಚರ್ಮರೋಗಕ್ಕೆ ಪ್ಯಾಂಟೋಥೆನಿಕ್ ಆಮ್ಲ ಎಂಬ ಜೀವಸತ್ವದ ಕೊರತೆ ಕಾರಣವೆಂದು 1939ರಲ್ಲಿ ಅವರ ತಂಡ ತೋರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಜೂಕ್ಸ್ ಕೂಡ ಇದೇ ತೀರ್ಮಾನಕ್ಕೆ ಬಂದರು.

ಮನುಷ್ಯರಿಗೂ ಉಪಕಾರ

ಅವರಿಗೆ ಹೆಚ್ಚು ಹೆಸರು ತಂದದ್ದು 1937ರ ಸಂಶೋಧನೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮುಸುಕಿನ ಜೋಳವನ್ನೇ ನಂಬಿದ ಬಡ ಗೇಣಿದಾರರಲ್ಲಿ ಪೆಲ್ಲಾಗ್ರ ಎಂಬ ರೋಗ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ ಅದರ ಲಕ್ಷಣ. ನಾಯಿಗಳಿಗೆ ಇದೇ ಬಗೆಯಲ್ಲಿ ಬರುವ ಕಪ್ಪುನಾಲಿಗೆ ರೋಗವನ್ನು ಈಲಿಯಿಂದ ತೆಗೆದ ನಿಕೋಟಿನಿಕ್ ಆಮ್ಲ ವಾಸಿಮಾಡುತ್ತದೆ ಎಂದು ಎಲ್ವೆಹೆಮ್ ತಂಡ ಕಂಡಿತು. ವೈದ್ಯರು ಕೂಡಲೇ ಅದನ್ನು ರೋಗಿಗಳಿಗೆ ಕೊಟ್ಟು ಪ್ರಾಣ ಉಳಿಸಿದರು. ಬೇರೆ ವಿಜ್ಞಾನಿಗಳು ಈ ಆಮ್ಲವನ್ನು ಎಷ್ಟೋ ಮೊದಲೇ ಅಕ್ಕಿ ತೌಡಿನಿಂದ ಬೇರ್ಪಡಿಸಿದ್ದರೂ, ಅದರಿಂದ ಬೆರಿಬೆರಿ ರೋಗ ವಾಸಿಯಾಗದ ಕಾರಣ ಪಕ್ಕಕ್ಕಿಟ್ಟಿದ್ದರು. ನಮ್ಮ ದಖ್ಖನ್ ಸೀಮೆಯಲ್ಲಿ ಬರೀ ಜೋಳದ ಮೇಲೆ ಬದುಕುತ್ತಿದ್ದ ಬಡವರಲ್ಲೂ ಪೆಲ್ಲಾಗ್ರ ಇತ್ತು. ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಟಿಯ ಅವರು 1960ರಲ್ಲಿ ಇದರ ಬಗ್ಗೆ ಬರೆದಿದ್ದಾರೆ.

ಎಲ್ವೆಹೆಮ್ 1944ರಲ್ಲಿ ತಮ್ಮ ವಿಭಾಗಕ್ಕೆ ಮುಖ್ಯಸ್ಥರಾದರು. 1958ರಲ್ಲಿ ಅದೇ ವಿಶ್ವವಿದ್ಯಾನಿಲಯದ ಅಧ್ಯಕ್ಷ ಪದವಿಗೇರಿದರು. ಆ ಹುದ್ದೆಯಲ್ಲಿದ್ದಾಗಲೇ 1962ರ ಜುಲೈ 27ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 61 ವರ್ಷ.

ನಿಮ್ಮ ಕೋಳಿಮನೆಗೆ ಇದರಿಂದ ಏನು?

ಅಂಗಳದಲ್ಲಿ ಕೆದಕಿ ತಿನ್ನುವ ನಾಟಿಕೋಳಿ ಮಣ್ಣು, ಹುಳು, ಸೊಪ್ಪುಗಳಿಂದ ಖನಿಜ ಸಂಪಾದಿಸಿಕೊಳ್ಳುತ್ತದೆ. ಮಾಂಸದ ಕೋಳಿಗೆ ಆ ದಾರಿ ಇಲ್ಲ. 40 ಗ್ರಾಂ ತೂಗುವ ಮರಿ ಐದಾರು ವಾರದಲ್ಲಿ 2 ಕಿಲೋ ಮುಟ್ಟಬೇಕು. ನೀವು ಹಾಕಿದ್ದೇ ಅದಕ್ಕೆ ಗತಿ. ಜೋಳ, ಸೋಯಾಗಳಲ್ಲಿ ಖನಿಜ ಇದ್ದರೂ ಅವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಸತು ಮುಂತಾದವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲವೂ ಕೋಳಿಗೆ ದಕ್ಕುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಶಿಫಾರಸಿನಂತೆ ಮಾಂಸದ ಕೋಳಿಯ ಒಂದು ಟನ್ ಆಹಾರದಲ್ಲಿ ಇರಬೇಕಾದದ್ದು ಇಷ್ಟು: ಕಬ್ಬಿಣ 80 ಗ್ರಾಂ, ಮ್ಯಾಂಗನೀಸ್ 60 ಗ್ರಾಂ, ಸತು 40 ಗ್ರಾಂ, ತಾಮ್ರ 8 ಗ್ರಾಂ, ಅಯೋಡಿನ್ 0.35 ಗ್ರಾಂ, ಸೆಲೆನಿಯಂ 0.15 ಗ್ರಾಂ. 1000 ಕಿಲೋ ರಾಶಿಗೆ ತಾಮ್ರ ಎರಡು ಸಣ್ಣ ಚಮಚ ಸಕ್ಕರೆಯ ತೂಕದಷ್ಟು! ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಿ.

1. ಕಂಪನಿಯ ಸಿದ್ಧ ಆಹಾರ ಬಳಸುವವರು ಉಳಿತಾಯಕ್ಕೆಂದು ಅದಕ್ಕೆ ನುಚ್ಚು, ತೌಡು ಬೆರೆಸಬೇಡಿ. ಎಷ್ಟು ಬೆರೆಸುತ್ತೀರೋ ಅಷ್ಟು ಖನಿಜ ತೆಳುವಾಗುತ್ತದೆ.

2. ಆಹಾರವನ್ನು ನೀವೇ ಮಿಶ್ರ ಮಾಡುವುದಾದರೆ ಖನಿಜದ ಪುಡಿಯನ್ನು ನೇರವಾಗಿ ರಾಶಿಗೆ ಎರಚಬೇಡಿ. ಮೊದಲು ಒಂದೆರಡು ಕಿಲೋ ಜೋಳದ ಹಿಟ್ಟಿನಲ್ಲಿ, ನಂತರ 10-20 ಕಿಲೋದಲ್ಲಿ, ಆಮೇಲೆ ಇಡೀ ರಾಶಿಯಲ್ಲಿ ಬೆರೆಸಿ. ಇಲ್ಲವಾದರೆ ಒಂದು ಮರಿಗೆ ಅತಿ, ಇನ್ನೊಂದಕ್ಕೆ ಇಲ್ಲ ಎಂದಾಗುತ್ತದೆ.

3. ಮೊಟ್ಟೆಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಬಹಳ. ಅದನ್ನು ಮರಿಗಳಿಗೆ ಹಾಕಬೇಡಿ. ದನಗಳ ಖನಿಜ ಮಿಶ್ರಣ ದನಗಳಿಗೇ ಇರಲಿ.

4. ಖನಿಜದ ಪುಡಿ ಮತ್ತು ಜೀವಸತ್ವದ ಪುಡಿ ಬೇರೆಬೇರೆ ಇರಲಿ, ಒಣ ಜಾಗದಲ್ಲಿರಲಿ. ತೇವದಲ್ಲಿ ಒಟ್ಟಿಗೆ ಇಟ್ಟರೆ ಜೀವಸತ್ವ ಕೆಡುತ್ತದೆ.

5. ಹೆಚ್ಚು ಹಾಕಿದರೆ ಹೆಚ್ಚು ತೂಕ ಬರುವುದಿಲ್ಲ. ಮಿಕ್ಕದ್ದು ಹಿಕ್ಕೆಯಲ್ಲಿ ಹೋಗಿ ನಿಮ್ಮ ಹೊಲದ ಮಣ್ಣು ಸೇರುತ್ತದೆ. ಸೆಲೆನಿಯಂ ಸ್ವಲ್ಪ ಅತಿಯಾದರೂ ವಿಷ. ಮೈಲುತುತ್ತವನ್ನು ಅಂದಾಜಿನಲ್ಲಿ ಹಾಕುವುದಂತೂ ಸಲ್ಲದು.

6. ಉಳಿದ ಕೋಳಿ ಆಹಾರವನ್ನು ಕುರಿಗಳಿಗೆ ಹಾಕಬೇಡಿ. ಕೋಳಿ ತಾಳುವಷ್ಟು ತಾಮ್ರವನ್ನು ಕುರಿ ತಾಳದು. ಅದು ಈಲಿಯಲ್ಲಿ ಕೂಡುತ್ತ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕುರಿ ಸಾಯಬಹುದು.

ಕೋಳಿ ಕುಂಟುವುದಕ್ಕೆಲ್ಲ ಖನಿಜದ ಕೊರತೆಯೇ ಕಾರಣವಲ್ಲ. ರೋಗಾಣು, ಜೀವಸತ್ವದ ಕೊರತೆ, ಒದ್ದೆಯಾದ ಹೊಟ್ಟಿನ ಹಾಸು ಇವೂ ಕಾರಣವಿರಬಹುದು. ಒಮ್ಮೆ ಜಾರಿದ ಸ್ನಾಯುರಜ್ಜು ಖನಿಜ ಕೊಟ್ಟರೆ ಮತ್ತೆ ಕೂಡುವುದಿಲ್ಲ. ಉಳಿದ ಮರಿಗಳನ್ನು ಉಳಿಸಿಕೊಳ್ಳಲು ಮೊದಲ ಮರಿ ಕುಂಟಿದಾಗಲೇ ಪಶುವೈದ್ಯರಿಗೆ ತೋರಿಸಿ.

ಯಾರಾದರೂ ಹೊಸ ಪುಡಿಯನ್ನು ಹೊಗಳಿ ಮಾರಲು ಬಂದರೆ ಎಲ್ವೆಹೆಮ್ ಅನುಸರಿಸಿದ ದಾರಿಯನ್ನೇ ನೀವೂ ಹಿಡಿಯಿರಿ. ಒಂದೇ ದಿನದ ಮರಿಗಳನ್ನು ಎರಡು ಪಾಲು ಮಾಡಿ. ಜಾಗ, ನೀರು, ಆಹಾರ ಎಲ್ಲ ಒಂದೇ ಇರಲಿ. ಒಂದು ಪಾಲಿಗೆ ಮಾತ್ರ ಹೊಸ ಪುಡಿ ಕೊಡಿ. ವಾರಕ್ಕೊಮ್ಮೆ ತೂಗಿ ಪುಸ್ತಕದಲ್ಲಿ ಬರೆದಿಡಿ. ಕೊಳ್ಳಬೇಕೋ ಬೇಡವೋ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಿ.